ಬೀಗರೆದುರು ಚೆಲ್ಲಿದ ಬಾಳೆಹಣ್ಣಿನ ಹೆಂಡ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನಗೆ ಜಂಬ ಹೆಚ್ಚೆಂದು ಎಲ್ಲರೂ ಹೇಳುತ್ತಾರೆ. ನನ್ನ ಕೆಲಸ ಚೆನ್ನಾಗಿದೆ ಎಂದು ನಾನೇ ಹೇಳಿಕೊಂಡರೆ ತಪ್ಪೇ?"

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನು ಮಾಡುವ ಬಾಳೆಹಣ್ಣಿನ ಹೆಂಡಕ್ಕೆ ಸುತ್ತ ಏಳು ಊರಲ್ಲಿ ಸಾಟಿಯಿರಲಿಲ್ಲ. ಇದನ್ನು ಊರವರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಸಿಪ್ಪೆ ಕಪ್ಪಾಗುವ ತನಕ ಹಣ್ಣು ಮಾಗಿಸಿ, ಕಿವುಚಿ, ಮಡಕೆಗೆ ತುಂಬಿ, ಬಾಯಿಗೆ ಬಾಳೆಲೆ ಬಿಗಿದನೆಂದರೆ ಮುಗಿಯಿತು. ದಾರಿಹೋಕರು ಅವನ ಮನೆ ದಾಟಿ ಹೋಗುತ್ತಿರಲಿಲ್ಲ.

ಅವನ ಮಗಳಿಗೆ ಸಂಬಂಧ ಕೂಡಿಬಂತು. ಆ ಸೀಮೆಯಲ್ಲಿ ಒಂದು ಪದ್ಧತಿ. ನಿಶ್ಚಯದ ದಿನ ಹೆಣ್ಣಿನ ತಂದೆ ತಾನೇ ಮಾಡಿದ ಹೆಂಡವನ್ನು ಮೊದಲು ತಾನು ಕುಡಿದು, ಆಮೇಲೆ ಗಂಡಿನ ಕಡೆಯವರಿಗೆ ಬಡಿಸಬೇಕು. ಬಡಿಸದಿದ್ದರೆ ಸಂಬಂಧ ಮುರಿದಂತೆ.

ರೈತ ಮನೆಯಲ್ಲಿದ್ದ ದೊಡ್ಡ ಮಡಕೆಯನ್ನೇ ಇಳಿಸಿ ಹಣ್ಣು ತುಂಬಿದ. ಬಂದವರನ್ನೆಲ್ಲ ಕರೆದು, "ಬಾರಯ್ಯ, ಮೂಸಿ ನೋಡು. ನಿಮ್ಮಪ್ಪ ಕಂಡಿದ್ದನೇನು ಇಂಥದ್ದು?" ಎಂದು ಎಲೆ ಬಿಚ್ಚಿ ತೋರಿಸಿದ. ದಿನಕ್ಕೆ ಹತ್ತು ಸಲ ಬಿಚ್ಚಿದ. ಗಾಳಿ ಹೊಕ್ಕಿತು.

ನಿಶ್ಚಯದ ದಿನ ಬೀಗರು ಬಂದು ಚಾಪೆಯ ಮೇಲೆ ಕೂತರು. ರೈತ ಒಳಗೆ ಹೋಗಿ ಒಂದು ಹನಿ ನಾಲಿಗೆಗೆ ಹಾಕಿಕೊಂಡ. ಹುಳಿ.

ಹೆಂಡತಿಯ ತಮ್ಮ ಪಿಸುಗುಟ್ಟಿದ: "ಭಾವ, ಎರಡು ಉಂಡೆ ಬೆಲ್ಲ ಕದಡಿಬಿಡು. ಅವರ ನಾಲಿಗೆಗೆ ಏನು ಗೊತ್ತಾಗುತ್ತದೆ?"

"ಅವರ ನಾಲಿಗೆ ಹಾಗಿರಲಿ. ಮೊದಲು ಕುಡಿಯಬೇಕಾದವನು ನಾನಲ್ಲವೇನೋ!"

ರೈತ ಮಡಕೆ ಹೊತ್ತು ತಂದು ಬೀಗರೆದುರೇ ಅಂಗಳಕ್ಕೆ ಸುರಿದ. "ತೋರಿಸಿ ತೋರಿಸಿ ನಾನೇ ಕೆಡಿಸಿದೆ. ಕೆಟ್ಟದ್ದನ್ನು ಬಡಿಸುವ ಕೈ ಇದಲ್ಲ. ಸಂಬಂಧ ಬೇಡವಾದರೆ ಎದ್ದುಹೋಗಿ. ಬೇಕಾದರೆ ಒಂದು ತಿಂಗಳು ಕೊಡಿ, ಹೊಸದು ಮಾಡಿಡುತ್ತೇನೆ. ಅದನ್ನು ಕುಡಿದ ಮೇಲೆ ನಿಮ್ಮೂರಿನದನ್ನು ಹೆಂಡ ಎನ್ನಲು ನಿಮಗೇ ನಾಚಿಕೆಯಾಗುತ್ತದೆ."

ಮಗಳು ಬಾಗಿಲಿಗೆ ಬಂದು ನಿಂತಳು.

ಗಂಡಿನ ಅಜ್ಜಿ ಬಾಯ್ತುಂಬ ನಕ್ಕಳು. "ಹುಳಿ ಬಡಿಸಿ 'ಹೇಗಿದೆ?' ಎಂದು ಕೇಳಿದ ಬೀಗರನ್ನು ಬೇಕಾದಷ್ಟು ಕಂಡಿದ್ದೇನೆ. ಒಂದು ತಿಂಗಳು ಬಿಟ್ಟು ಬರುತ್ತೇವೆ. ಅಲ್ಲಿಯ ತನಕ ಮಡಕೆಯ ಬಾಯಿ ಕಟ್ಟಿಡಿ ಬೀಗರೇ, ನಿಮ್ಮದನ್ನೂ."

ಹೇಳಿದಂತೆ ಬಂದರು. ಮಡಕೆ ಬರಿದಾಗುವ ತನಕ ಯಾರೂ ಏಳಲಿಲ್ಲ. ಮದುವೆ ನಿಶ್ಚಯವಾಯಿತು.

ಶಿಷ್ಯ ತಲೆ ತಗ್ಗಿಸಿದ. "ಅರ್ಥವಾಯಿತು ಗುರುಗಳೇ. ಜಂಬವೇ ಹೆಂಡವನ್ನು ಕೆಡಿಸಿತು. ಇವತ್ತಿಗೇ ಬಿಟ್ಟೆ."

ಗುರುಗಳು ಕೇಳಿದರು: "ಕೆಡಿಸಿದ್ದು ಜಂಬ, ಸರಿ, ಚೆಲ್ಲಿಸಿದ್ದು ಯಾವುದು?"