ಅಳದೆ ನಿಂತ ಹುಡುಗಿ

"ಗುರುಗಳೇ, ನಾನು ಈ ಮಠಕ್ಕೆ ಬಂದು ಹನ್ನೆರಡು ವರ್ಷವಾಯಿತು. ಉಳಿದವರನ್ನು ನೀವು ಬೆಳಗಾದರೆ ಗದರುತ್ತೀರಿ, ತಿದ್ದುತ್ತೀರಿ. ನನಗೆ ಮಾತ್ರ ಒಂದು ದಿನವೂ ಏನೂ ಅಂದವರಲ್ಲ. ಹಾಗಾದರೆ ನನ್ನಲ್ಲಿ ತಿದ್ದುವಂಥದ್ದು ಏನೂ ಉಳಿದಿಲ್ಲ ಎಂದು ತಿಳಿಯಬಹುದೇ?"

ಕೇಳಿದವನು ಮಠದ ಹಿರಿಯ ಶಿಷ್ಯ. ಹೇಳಿದ ಕೆಲಸವನ್ನು ಮಾಡುವವನು, ಹೇಳದ ಕೆಲಸವನ್ನೂ ಮಾಡಿಡುವವನು. ಇಷ್ಟು ಕೇಳುವುದಕ್ಕೂ ಅವನು ಬಹಳ ದಿನ ಹಿಂದೆಮುಂದೆ ನೋಡಿದ್ದ. ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ಈಚೆಗೆ ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. ಮಗಳು ಬಾಳವ್ವನಿಗೆ ಏಳು ವರ್ಷ, ಮಗ ಸಿದ್ರಾಮನಿಗೆ ಮೂರು. ಗಂಡ ಗುಂಡಿಯೊಳಗೆ ಕಾಲಿಳಿಸಿ ಮಗ್ಗದ ಮುಂದೆ ಕೂತರೆ ಹೆಂಡತಿ ಪಕ್ಕದಲ್ಲಿ ಕೂತು ನೂಲು ಸುತ್ತುವಳು. ಸಿದ್ರಾಮ ಒಂದು ಕಡೆ ನಿಂತ ಕೂಸಲ್ಲ. ಒಮ್ಮೆ ಮಗ್ಗದ ಗುಂಡಿಗೆ ಬಿದ್ದ, ಒಮ್ಮೆ ಬಣ್ಣದ ನೀರು ಕುಡಿದ, ಒಮ್ಮೆ ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳನ್ನು ಕೈಗೆ ಸಿಕ್ಕಷ್ಟು ಹರಿದು ಎಂಟು ದಿನದ ಕೆಲಸ ಹಾಳು ಮಾಡಿದ. ಅದಕ್ಕೆ ತಾಯಿ ಹಳೆಯ ಸೀರೆಯ ಪಟ್ಟಿಯೊಂದನ್ನು ಅವನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮಗ್ಗದ ಕಂಬಕ್ಕೆ ಬಿಗಿಯುತ್ತಿದ್ದಳು. ಪಟ್ಟಿ ಎಷ್ಟು ಉದ್ದವೋ ಅವನ ಲೋಕ ಅಷ್ಟು ಅಗಲ. ಆ ಕೇರಿಯಲ್ಲಿ ತುಂಟ ಮಕ್ಕಳನ್ನೆಲ್ಲ ಹಾಗೇ ಸಾಕುತ್ತಿದ್ದರು.

ಬಾಳವ್ವನನ್ನು ಕಟ್ಟುವ ಪ್ರಮೇಯ ಎಂದೂ ಬರಲಿಲ್ಲ. ಕೂರು ಎಂದರೆ ಕೂರುವಳು. ಹಾಕಿದ್ದನ್ನು ಉಂಡು ತಟ್ಟೆ ತೊಳೆದಿಡುವಳು. ಜ್ವರ ಬಂದರೂ ಹೇಳುವವಳಲ್ಲ, ಹಣೆ ಮುಟ್ಟಿದವರಿಗೆ ಗೊತ್ತಾಗಬೇಕು. ಕೇರಿಯ ಹೆಂಗಸರು ತಾಯಿಗೆ, ನಿನ್ನ ಮಗಳು ಬಂಗಾರ ಎನ್ನುತ್ತಿದ್ದರು. ಅದನ್ನು ಕೇಳಿ ತಾಯಿಗೆ ಹೆಮ್ಮೆಯಾಗುತ್ತಿತ್ತು. ಹೆಮ್ಮೆಪಟ್ಟು ಅವಳು ಮತ್ತೆ ಮಗನ ಕಡೆ ತಿರುಗುತ್ತಿದ್ದಳು. ಅವನು ಅಷ್ಟರಲ್ಲಿ ಇನ್ನೇನೋ ಬಾಯಿಗೆ ಹಾಕಿಕೊಂಡಿರುತ್ತಿದ್ದ.

ಹೀಗಿರುವಾಗ ಹೊಳೆಯಾಚೆಯ ತವರಿನಿಂದ ಕರೆ ಬಂತು. ತಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾಲ್ಕು ವರ್ಷದಿಂದ ತವರು ಕಾಣದ ಹೆಂಗಸು ಹಟ ಹಿಡಿದಳು, ನೇಕಾರ ಮೂರು ದಿನ ಮಗ್ಗ ನಿಲ್ಲಿಸಿದ. ರೊಟ್ಟಿ ಕಟ್ಟಿಕೊಂಡು, ಕೂಸಿಗೆಂದು ಹೊಲಿಸಿದ ಕುಂಚಿಗೆಯನ್ನು ಒಂದು ಸಣ್ಣ ಗಂಟು ಮಾಡಿಕೊಂಡು, ನಾಲ್ವರೂ ಬೆಳಗ್ಗೆ ಹೊರಟು ನಿಂತರು. ತಾಯಿ ಸೀರೆಯ ಪಟ್ಟಿಯನ್ನು ಕಂಬದಿಂದ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಬಾಳವ್ವ ಅದನ್ನೇ ನೋಡುತ್ತಿದ್ದಳು.

"ಅವ್ವಾ, ನನ್ನೂ ಕಟ್ಟು."

ತಾಯಿಗೆ ನಗು ಬಂತು. "ನೀ ಶಾಣ್ಯಾಕಿ ಅದೀಯಲ್ಲ. ನಿನಗ್ಯಾಕ ಬೇಕು ಇದು?"

ಹುಡುಗಿ ಮತ್ತೆ ಕೇಳಲಿಲ್ಲ. ಒಮ್ಮೆ ಬೇಡ ಎಂದದ್ದನ್ನು ಎರಡನೆಯ ಸಲ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಕುಂಚಿಗೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ನಡೆದಳು.

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದಾರಿ ನಡೆದವರಿಗೇ ಆ ಸುಖ ಗೊತ್ತು. ಸಿದ್ರಾಮ ಹೆಗಲ ಮೇಲೆ ಕೂರಿಸಿದರೆ ಇಳಿಸು ಎಂದ, ಇಳಿಸಿದರೆ ಎತ್ತಿಕೋ ಎಂದ. ರೊಟ್ಟಿ ಕೊಟ್ಟರೆ ಬೆಲ್ಲ ಬೇಕು ಎಂದ, ಬೆಲ್ಲ ಕೊಟ್ಟರೆ ರೊಟ್ಟಿಯನ್ನು ದಾರಿಯ ಆಡಿಗೆ ಹಾಕಿದ. ಮುಳ್ಳಿನ ಗಿಡ ಕಂಡಲ್ಲಿ ಕೈ ಇಟ್ಟ. ಹೊಳೆ ಮುಟ್ಟುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ "ಸಿದ್ರಾಮಾ" ಎಂದು ನೂರು ಸಲ ಕೂಗಿದ್ದರು, ಒಬ್ಬರ ಮೇಲೊಬ್ಬರು ಹತ್ತು ಸಲ ರೇಗಿದ್ದರು. ಬಾಳವ್ವನನ್ನು ಕರೆಯುವ ಪ್ರಸಂಗವೇ ಬರಲಿಲ್ಲ. ಅವಳು ಹಿಂದೆ ಬರುತ್ತಿದ್ದಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಂದು ಸಂತೆಯ ದಿನ. ಹೊಳೆಯ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರಿಗೋಲಿಗೆ ಕಾಯುವ ಜನ, ಕೋಳಿ ಹಿಡಿದವರು, ಬುಟ್ಟಿ ಹೊತ್ತವರು. ಸಿದ್ರಾಮ ನೀರು ಕಂಡದ್ದೇ ತಡ, ಪಟ್ಟಿಯನ್ನು ಜಗ್ಗಿಕೊಂಡು ಓಡಿದ. ತಾಯಿ ಅವನ ಹಿಂದೆ ಹೋಗುತ್ತ ಮಗಳಿಗೆ, "ಇಲ್ಲೇ ನಿಂದ್ರವ್ವ, ನಾ ಕರೀತೀನಿ" ಎಂದಳು. ಅಲ್ಲಿ ಒಬ್ಬ ಬಳೆಗಾರ್ತಿ ಬಳೆ ಹರಡಿಕೊಂಡು ಕೂತಿದ್ದಳು. ಬಾಳವ್ವ ಅವಳ ಪಕ್ಕದಲ್ಲಿ ನಿಂತಳು.

ಅಷ್ಟರಲ್ಲಿ ಹರಿಗೋಲು ಬಂತು, ಜನ ನುಗ್ಗಿದರು. ಅಂಬಿಗ ಬೇಗ ಹತ್ತಿ ಎಂದು ಅವಸರ ಮಾಡಿದ. ಸಿದ್ರಾಮ ಹತ್ತುವುದಿಲ್ಲ ಎಂದು ನೆಲಕ್ಕೆ ಬಿದ್ದು ಹೊರಳಾಡಿದ. ಅಪ್ಪ ಎರಡು ತೋಳು ಹಿಡಿದ, ಅವ್ವ ಎರಡು ಕಾಲು ಹಿಡಿದಳು, ಹೇಗೋ ಒಳಗೆ ಹಾಕಿಕೊಂಡು ಕೂತರು. ಮಗಳು ಹೆಂಡತಿಯ ಪಕ್ಕದಲ್ಲಿದ್ದಾಳೆ ಎಂದು ಗಂಡ ಎಣಿಸಿದ. ಗಂಡನ ಬೆನ್ನ ಹಿಂದಿದ್ದಾಳೆ ಎಂದು ಹೆಂಡತಿ ಎಣಿಸಿದಳು. ಹುಡುಗ ಅಳುತ್ತಲೇ ಇದ್ದ.

ನಡುಹೊಳೆಯಲ್ಲಿ ಅವನು ಅತ್ತು ಅತ್ತು ನಿದ್ದೆ ಹೋದ. ಬೆಳಗಿನಿಂದ ಮೊದಲ ಸಲ ತಾಯಿಯ ಕಿವಿಗೆ ನೀರಿನ ಸದ್ದು ಬಿತ್ತು. ಅವಳು ಉಸಿರು ಬಿಟ್ಟು ಸುತ್ತ ನೋಡಿದಳು, ಗಂಡನ ಬೆನ್ನ ಹಿಂದೆ ನೋಡಿದಳು. ದಂಡೆ ಅಷ್ಟು ದೂರದಲ್ಲಿತ್ತು. ಅಲ್ಲಿ ನಿಂತ ಜನ ಎಳ್ಳಿನ ಕಾಳಿನಂತೆ ಕಾಣುತ್ತಿದ್ದರು, ಅದರಲ್ಲಿ ಮಗಳು ಯಾರೆಂದು ತಿಳಿಯಲಿಲ್ಲ. ಅವಳು ಎದ್ದು ನಿಂತು ಎದೆ ಬಿರಿಯುವಂತೆ ಕೂಗಿದಳು. ಬಾಯಿಂದ ಬಂದದ್ದು "ಸಿದ್ರಾಮಾ" ಎಂದು.

ನೂರು ಸಲ ಕೂಗಿದ ಹೆಸರು ಅದು. ನಾಲಿಗೆ ಅದನ್ನೇ ಹಿಡಿದಿತ್ತು. ತೊಡೆಯ ಮೇಲಿದ್ದ ಹುಡುಗ ತನ್ನನ್ನೇ ಕರೆದರೆಂದು ಬೆಚ್ಚಿ ಎದ್ದು ಮತ್ತೆ ಅಳತೊಡಗಿದ. ಆಮೇಲೆ ಬಾಳವ್ವಾ ಎಂದು ಕೂಗಿದಳೋ ಇಲ್ಲವೋ, ಆ ಅಳುವಿನಲ್ಲಿ ಯಾರಿಗೂ ಕೇಳಲಿಲ್ಲ.

ಸೆಳವಿನಲ್ಲಿ ಹರಿಗೋಲನ್ನು ತಿರುಗಿಸುವಂತಿರಲಿಲ್ಲ. ಆಚೆ ದಡ ಮುಟ್ಟಿ, ಹರಿಗೋಲನ್ನು ಹೊತ್ತು ಹರಿವಿನ ಮೇಲಕ್ಕೆ ನಡೆದು, ಅಲ್ಲಿಂದ ಮತ್ತೆ ನೀರಿಗಿಳಿಸಬೇಕು. ಅವರು ಈಚೆ ದಡಕ್ಕೆ ಬಂದಾಗ ಸಂತೆ ಅರ್ಧ ಕರಗಿತ್ತು. ಬಳೆಗಾರ್ತಿ ಇದ್ದಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಒಂದ ಹುಡಿಗಿ ನಿಂತಿತ್ತು, ಖರೆ" ಎಂದಳು ಅವಳು. "ಅಳಾಕತ್ತಿದ್ರ ನಾನ ಕೇಳ್ತಿದ್ದೆ ತಾಯಿ, ಯಾರ ಮಗಳು ಅಂತ. ಸುಮ್ನ ನಿಂತಿತ್ತು. ಯಾರದರ ಜೋಡಿ ಇರಬೇಕು ಅಂದಕೊಂಡೆ."

ಕೋಳಿ ಮಾರುವವನೂ ಅದನ್ನೇ ಹೇಳಿದ. ಮಂಡಕ್ಕಿಯವನೂ ಅದನ್ನೇ ಹೇಳಿದ. ಎಲ್ಲರೂ ಅವಳನ್ನು ಕಂಡಿದ್ದರು, ಯಾರೂ ಅವಳನ್ನು ನೋಡಿರಲಿಲ್ಲ. ಅಲ್ಲಿಂದ ಯಾವಾಗ ಹೋದಳು, ಒಬ್ಬಳೇ ಹೋದಳೋ ಯಾರ ಕೈ ಹಿಡಿದು ಹೋದಳೋ, ನೀರಿನ ಕಡೆಗೋ ದಾರಿಯ ಕಡೆಗೋ, ಒಬ್ಬರಿಗೂ ಗೊತ್ತಿರಲಿಲ್ಲ. ಊರ ಗೌಡ ನಾಲ್ಕೂ ದಿಕ್ಕಿಗೆ ಆಳು ಕಳಿಸಲು ಗುರುತು ಕೇಳಿದ. ಲಂಗ ಹಸಿರು ಎಂದ ಗಂಡ. ಕೆಂಪು ಎಂದಳು ಹೆಂಡತಿ. ಮಗನ ಮೈಮೇಲಿನ ಗಾಯಗಳನ್ನು ಕೇಳಿದ್ದರೆ ಇಬ್ಬರೂ ಎಣಿಸಿ ಹೇಳುತ್ತಿದ್ದರು. ಮಗಳಿಗೆ ಗಾಯವಾದದ್ದೇ ಅವರಿಗೆ ನೆನಪಿರಲಿಲ್ಲ.

ಎರಡು ತಿಂಗಳು ಹುಡುಕಿದರು. ಹೊಳೆಯ ಕೆಳಗಿನ ಊರುಗಳಲ್ಲಿ ಕೇಳಿದರು, ಸಂತೆ ಸಂತೆ ತಿರುಗಿದರು. ಸತ್ತ ಸುದ್ದಿಯೂ ಸಿಗಲಿಲ್ಲ, ಬದುಕಿದ ಸುದ್ದಿಯೂ ಸಿಗಲಿಲ್ಲ. ಸತ್ತಿದ್ದರೆ ಅತ್ತು ಮುಗಿಸುತ್ತಿದ್ದರು, ಅದಕ್ಕೂ ಅವಕಾಶವಾಗಲಿಲ್ಲ. ಕಡೆಗೆ ಹೊಟ್ಟೆಯ ಪಾಡು ಬಿಡಬೇಕಲ್ಲ, ನೇಕಾರ ಮತ್ತೆ ಮಗ್ಗಕ್ಕೆ ಕೂತ.

ಅಷ್ಟರಲ್ಲಿ ಸಿದ್ರಾಮ ಬದಲಾಗಿದ್ದ. ಮನೆಯಲ್ಲಿ ಯಾರೂ ಮಾತಾಡದ್ದನ್ನು ನೋಡಿ ನೋಡಿ ಅವನೂ ಸುಮ್ಮನಾದ. ಕೂರು ಎಂದರೆ ಕೂರುವನು. ಹಾಕಿದ್ದನ್ನು ಉಣ್ಣುವನು. ಕೇರಿಯವರು, ಪಾಪ ಹುಡುಗ ಶಾಣ್ಯಾ ಆದ ಎಂದರು. ಆ ಮಾತು ತಾಯಿಯ ಕಿವಿಗೂ ಬಿತ್ತು. ನೂಲು ಸುತ್ತುತ್ತ ಕೂತವಳು ಹುಡುಗನ ಸದ್ದು ನಿಂತರೆ ಸಾಕು, ಎದ್ದು ಹೋಗಿ ಅವನ ತೊಡೆ ಚಿವುಟುವಳು. ಅವನು ಅಳುವವರೆಗೂ ಚಿವುಟುವಳು. ಅತ್ತರೆ ಎದೆಗೆ ಅವುಚಿಕೊಂಡು ತಾನೂ ಅಳುವಳು, ಆಮೇಲೆ ಬಂದು ಕೆಲಸಕ್ಕೆ ಕೂರುವಳು. ದಿನಕ್ಕೆ ಎಷ್ಟು ಸಲವೋ. ಹುಡುಗನಿಗೆ ತಾನು ಮಾಡಿದ ತಪ್ಪೇನೆಂದು ಎಂದೂ ತಿಳಿಯಲಿಲ್ಲ. ಕೊನೆಕೊನೆಗೆ ಅವನು ಚಿವುಟಿದರೂ ಅಳುವುದನ್ನು ಬಿಟ್ಟ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಕಾದ.

"ಗುರುಗಳೇ, ನಾನು ಕೇಳಿದ್ದಕ್ಕೆ ಉತ್ತರ?" ಎಂದ ಮೆಲ್ಲಗೆ.

ಗುರುಗಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವನ ಕಿವಿಯ ಬಳಿ ಕೂದಲು ನೆರೆತದ್ದು ಅವರ ಕಣ್ಣಿಗೆ ಬಿದ್ದದ್ದು ಅಂದೇ ಮೊದಲು.

"ನಿನ್ನನ್ನು ನಾನು ಎಂದೋ ದಡದಲ್ಲಿ ಬಿಟ್ಟು ಬಂದಿದ್ದೇನೆ, ಮಗು."