ಅಂಗೈಯಗಲದ ಗ್ರಾಫಿಕ್ಸ್ ಕಾರ್ಡು

ಗದಗಿನ ಒಂದು ಓಣಿಯಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ಸಣ್ಣದೊಂದು ಶಾಲೆ ಇತ್ತು. ಅಲ್ಲಿ ನೀಲಾಂಬಿಕಾ ಎಂಬ ಅಕ್ಕೋರು ಪಾಠ ಹೇಳುತ್ತಿದ್ದರು. ಅವರು ವಾರಕ್ಕೊಂದು ಕಥೆಯನ್ನು ಕೈಸನ್ನೆಯಲ್ಲಿ ಹೇಳಿ, ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದು, ಹಿಂದೆ ಕೂತವರಿಗೂ ಬೆರಳು ಕಾಣಲೆಂದು ಶಾಲೆಯ ಕಂಪ್ಯೂಟರು, ಪ್ರೊಜೆಕ್ಟರುಗಳಿಂದ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದರು. ಹುಲಿಯೂ ಅವರೇ, ಮೊಲವೂ ಅವರೇ. ಶನಿವಾರ ಬಂತೆಂದರೆ ಮಕ್ಕಳಿಗೆ ಹಬ್ಬ.

ಕಂಪ್ಯೂಟರು ಹಳೆಯದು. ಯಾರೋ ಬಳಸಿ ಬಿಟ್ಟು ದಾನ ಕೊಟ್ಟದ್ದು. ಆದರೂ ಕೆಲಸ ನಡೆಯುತ್ತಿತ್ತು. ಹಳೆಯ ಫೋನು ಕೆಟ್ಟು ಅಕ್ಕೋರು ಹೊಸದನ್ನು ತೆಗೆದುಕೊಂಡ ಮೇಲೆ ತೊಂದರೆ ಶುರುವಾಯಿತು. ಹೊಸ ಫೋನಿನ ವಿಡಿಯೋ ಬಹಳ ನಿಚ್ಚಳ, ಅಷ್ಟೇ ಭಾರ. ಹಳೆಯ ಕಂಪ್ಯೂಟರಿಗೆ ಅದನ್ನು ಹೊರಲಾಗಲಿಲ್ಲ. ಚಿತ್ರ ಓಡುತ್ತ ಓಡುತ್ತ ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತಿತ್ತು.

ಒಂದು ಶನಿವಾರ ಆಡಿನ ಕಥೆ. ತಾಯಿ ಆಡು ಮೇಯಲು ಹೊರಟಿದೆ. ಮರಿಗೆ ಬುದ್ಧಿ ಹೇಳುತ್ತಿದೆ: ‘ಯಾರು ಬಂದರೂ ಬಾಗಿಲು ತೆಗೆಯುವುದು ಬೇಡ.’ ಬಾಗಿಲಿನ ಸನ್ನೆ ಕಂಡಿತು. ತೆಗೆಯುವ ಸನ್ನೆಯೂ ಕಂಡಿತು. ‘ಬೇಡ’ ಎನ್ನುವಷ್ಟರಲ್ಲಿ ಚಿತ್ರ ಸಿಕ್ಕಿಕೊಂಡಿತು. ಮತ್ತೆ ಓಡಿದಾಗ ತೋಳವೇ ಬಂದು ನಿಂತಿತ್ತು.

ಕಥೆ ಮುಗಿದ ಮೇಲೆ ಶಮಶಾದ ಎಂಬ ಹುಡುಗಿ ಎದ್ದು ನಿಂತಳು. ಹುಬ್ಬು ಗಂಟಿಕ್ಕಿ ಸನ್ನೆಯಲ್ಲೇ ಕೇಳಿದಳು: “ಬಾಗಿಲು ತೆಗೆ ಅಂತ ಅವ್ವನೇ ಹೇಳಿದಳು. ಮರಿ ತೆಗೆಯಿತು. ಮತ್ತೆ ಅದಕ್ಕೇ ಯಾಕೆ ಬೈದಳು?”

ತಪ್ಪು ಎಲ್ಲಾಯಿತೆಂದು ಅಕ್ಕೋರಿಗೆ ಹೊಳೆಯಿತು. ಕಿವಿ ಕೇಳುವವರಿಗೆ ಚಿತ್ರ ನಿಂತರೂ ಮಾತು ಮುಟ್ಟುತ್ತದೆ. ಈ ಮಕ್ಕಳಿಗೆ ಚಿತ್ರವೇ ಮಾತು. ಅವರು ವಿಡಿಯೋವನ್ನು ಹಗುರ ಮಾಡಿ ನೋಡಿದರು. ಆಗ ಬೆರಳುಗಳೇ ಮಸುಕಾದವು.

ಅದೇ ದಿನ ಶಮಶಾದಳ ಅಪ್ಪ ರಾಜೇಸಾಬ ಮಗಳನ್ನು ಕರೆದೊಯ್ಯಲು ಬಂದ. ಅವನು ಮಾರ್ಕೆಟ್ಟಿನಲ್ಲಿ ಚೀಲ ಹೊರುವವನು.

“ಕೈ ಆಡ್ಸೋದು ಕಲಿಯಾಕ ಇಷ್ಟು ದೂರ ಯಾಕ ಕಳಸ್ಬೇಕ್ರಿ, ಅಕ್ಕೋರ? ಮನ್ಯಾಗ ಇದ್ರ ಅವ್ವಗರ ಆಸರಾಗ್ತಾಳ,” ಎಂದ.

“ಮುಂದಿನ ವಾರ ಪಾಲಕರ ಸಭೆ ಐತಿ. ಒಮ್ಮೆ ಬಂದು ನೋಡ್ರಿ. ಆಮ್ಯಾಲ ನಿಮ್ಮ ಮನಸಿಗೆ ಬಂದಂಗ ಮಾಡ್ರಿ,” ಎಂದರು ಅಕ್ಕೋರು.

ಮುಖ್ಯಗುರುಗಳಾದ ವೀರಭದ್ರಪ್ಪ ಒಳ್ಳೆಯವರು. ಶಾಲೆಯೆಂದರೆ ಅವರಿಗೆ ಪ್ರಾಣ. ಅಕ್ಕೋರು ಕಷ್ಟ ಹೇಳಿಕೊಂಡಾಗ ಅವರೇ ವಿಚಾರಿಸಿಕೊಂಡು ಬಂದರು. ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಹಾಕಿದರೆ ಚಿತ್ರದ ಹೊರೆಯನ್ನು ಅದು ಹೊತ್ತುಕೊಳ್ಳುತ್ತದೆ ಎಂದು ತಿಳಿಯಿತು.

“ತರೋದಾದ್ರ ದೊಡ್ಡದನ್ನ ತರೂಣ್ರಿ. ಬಂದ ಮಂದಿ ಹೌದಪ್ಪಾ ಅನಬೇಕು!” ಎಂದು ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಾರ್ಡನ್ನು ತಂದರು. ಅದಕ್ಕೆ ಸಾಲಾಗಿ ಫ್ಯಾನುಗಳು, ಬಣ್ಣದ ದೀಪಗಳು.

ಕೂರಿಸಲು ನೋಡಿದರೆ ಕಂಪ್ಯೂಟರಿನ ಮುಚ್ಚಳವೇ ಹಾಕಲಾಗಲಿಲ್ಲ. ಇರಲಿ ಎಂದು ತೆರೆದೇ ಬಿಟ್ಟು ಸ್ವಿಚ್ಚು ಒತ್ತಿದರು. ಫ್ಯಾನುಗಳು ಗಿರ್ರೆಂದವು, ದೀಪಗಳು ಬೆಳಗಿದವು, ಮರುಗಳಿಗೆಯೇ ಇಡೀ ಕಂಪ್ಯೂಟರು ಕಪ್ಪಾಯಿತು. ಮತ್ತೆ ಒತ್ತಿದರೂ ಅದೇ ಕಥೆ. ಆ ಕಾರ್ಡಿಗೆ ಬೇಕಾದಷ್ಟು ವಿದ್ಯುತ್ತು ಕೊಡುವ ತ್ರಾಣ ಹಳೆಯ ಪೆಟ್ಟಿಗೆಗೆ ಇರಲಿಲ್ಲ.

ವೀರಭದ್ರಪ್ಪ ತಾವೇ ನಕ್ಕರು. “ಆಡಿನ ಗೂಟಕ್ಕ ಆನಿ ತಂದು ಕಟ್ಟಿದೆ ನೋಡ್ರಿ!”

ಪುಣ್ಯಕ್ಕೆ ಯಾವುದೂ ಸುಟ್ಟಿರಲಿಲ್ಲ. ಇಬ್ಬರೂ ಕಾರ್ಡನ್ನು ಹಿಂದಿರುಗಿಸಲು ಅಂಗಡಿಗೆ ಹೋದರು. “ಇದಕ್ಕ ಹೊಸಾ ಕಂಪ್ಯೂಟರೇ ಬೇಕಾಗ್ತೈತ್ರಿ,” ಎಂದ ಅಂಗಡಿಯವ.

ಮುಖ್ಯಗುರುಗಳು ಅಕ್ಕೋರ ಕಡೆ ತಿರುಗಿದರು. “ಹಂಗಾದ್ರ ಮುಂದಿನ ವರ್ಷ ದಾನಿಗಳನ್ನ ಕೇಳೂಣ. ಒಳ್ಳೇದನ್ನೇ ತರೂಣ. ಅಲ್ಲೀತನಕ ಕಥಿ ನಿಲ್ಲಿಸಿಬಿಡ್ರಿ.”

“ಸರ್, ಮಕ್ಕಳಿಗೆ ಹಸಿವ್ಯಾಗೇತಿ. ಮುಂದಿನ ವರ್ಷ ಹೋಳಿಗಿ ಮಾಡ್ತೀನಿ, ಅಲ್ಲೀತನಕ ತಡೀರಿ ಅಂತ ಹೆಂಗ ಹೇಳ್ಲಿ?”

ಅಕ್ಕೋರು ಅಂಗಡಿಯವನನ್ನು ಕೇಳಿದರು: “ನಾವು ಆಟ ಆಡೋದಿಲ್ರಿ, ಸಿನಿಮಾ ಮಾಡೋದಿಲ್ಲ. ಈ ವಿಡಿಯೋ ನಿಲ್ಲದಂಗ ಓಡಿದ್ರ ಸಾಕು. ಈಗಿನ ಕಂಪ್ಯೂಟರಿಗೇ ಹೊಂದೂವಂಥಾದ್ದು ಏನರ ಐತೇನು?”

ಅವನು ಮೂಲೆಯ ಕಪಾಟಿನಿಂದ ಒಂದು ಪುಟ್ಟ ಕಾರ್ಡು ತೆಗೆದ. ಅಂಗೈಯಷ್ಟೇ ಅಗಲ, ಒಂದೇ ಫ್ಯಾನು, ದೀಪವಿಲ್ಲ. ಅಗ್ಗದ್ದು. ಬೇರೆ ವಿದ್ಯುತ್ ತಂತಿಯೂ ಬೇಡ.

“ಇಷ್ಟನ?” ಎಂದರು ಮುಖ್ಯಗುರುಗಳು, ಮುಖ ಸಣ್ಣದು ಮಾಡಿ.

ಅಕ್ಕೋರು ಶಾಲೆಗೆ ಮರಳಿ ಅದನ್ನು ಹಾಕಿಸಿದರು. ಮುಚ್ಚಳ ಸಲೀಸಾಗಿ ಕೂತಿತು. ವಿಡಿಯೋ ಹಚ್ಚಿದರು. ಗೋಡೆಯ ಮೇಲೆ ಅವರ ಕೈಗಳು ಎಲ್ಲೂ ತಡವರಿಸದೆ, ಒಂದು ಬೆರಳೂ ಮಸುಕಾಗದೆ ಮಾತಾಡಿದವು. ಮುಖ್ಯಗುರುಗಳು ಕುರ್ಚಿ ಎಳೆದುಕೊಂಡು ಕೊನೆಯವರೆಗೂ ನೋಡಿದರು.

ಪಾಲಕರ ಸಭೆಯ ದಿನ ಹೊಸ ಕಥೆ. ಜೇನು ಕದಿಯಲು ಹೋದ ಕರಡಿ ಮೂಗು ಊದಿಸಿಕೊಂಡು, ‘ನೆಗಡಿಯಾಗಿದೆ’ ಎಂದು ಹೆಂಡತಿಗೆ ಸುಳ್ಳು ಹೇಳಿತು. ಮಕ್ಕಳೆಲ್ಲ ಒಟ್ಟಿಗೇ ಗೊಳ್ಳೆಂದು ನಕ್ಕರು. ಹಿಂದೆ ನಿಂತಿದ್ದ ರಾಜೇಸಾಬ ಅತ್ತಿತ್ತ ನೋಡಿದ. ಅಷ್ಟು ಮಕ್ಕಳ ನಡುವೆ ಏನೂ ಕೇಳಿಸದವನು ತಾನೇ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

“ಏನಾತ್ರಿ ಅಕ್ಕೋರ? ಯಾಕ ನಕ್ಕರು?”

“ನಿಮ್ಮ ಮಗಳು ಅಲ್ಲೇ ಅದಾಳಲ್ಲ. ಕೇಳ್ರಿ.”

ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಗೋಡೆಯತ್ತ ಕೈ ತೋರಿಸಿ ಹುಬ್ಬು ಏರಿಸಿದ. ಶಮಶಾದ ಕರಡಿಯಾದಳು, ಜೇನಾದಳು, ಊದಿದ ಮೂಗಾದಳು. ಅಪ್ಪ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಗಳು ಇಷ್ಟೊಂದು ಮಾತಾಡುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹೊರಡುವಾಗ ಅವನು ಶಾಲೆ ಬಿಡಿಸುವ ಮಾತೆತ್ತಲಿಲ್ಲ. ಸ್ವಲ್ಪ ನಾಚುತ್ತ ಬೇರೆಯೇ ಕೇಳಿದ: “ಊಟ ಆತೇನವ್ವಾ ಅಂತ ಕೇಳಾಕ ಹೆಂಗ ಮಾಡ್ಬೇಕ್ರಿ?”

ಅದನ್ನು ಕಲಿಸಿಕೊಡು ಎಂದು ಅಕ್ಕೋರು ಶಮಶಾದಳಿಗೆ ಸನ್ನೆ ಮಾಡಿದರು. ಅವಳು ಅಪ್ಪನ ದಡ್ಡುಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಾಯಿಯ ಹತ್ತಿರ ತಂದಳು. ಅವನು ತಪ್ಪು ಮಾಡಿದ. ಅವಳು ಕೈಗೊಂದು ಏಟು ಕೊಟ್ಟು ತಿದ್ದಿದಳು. ಬಸ್ ನಿಲ್ದಾಣದವರೆಗೂ ಅಪ್ಪ ಅದನ್ನೇ ಕೇಳುತ್ತ, ಮಗಳು ‘ಆತು, ಆತು’ ಎಂದು ತಲೆಯಾಡಿಸುತ್ತ ನಡೆದರು.

ನೀತಿ: ದೊಡ್ಡದೆಲ್ಲ ಒಳ್ಳೆಯದಲ್ಲ, ಹೊಂದುವುದೇ ಒಳ್ಳೆಯದು. ಎಂದೋ ಬರುವ ಭಾರಿ ನೆರವಿಗಾಗಿ ಕಾಯುತ್ತ ಕೂರಬಾರದು. ಇದ್ದುದಕ್ಕೆ ತಕ್ಕ ಸಣ್ಣ ನೆರವನ್ನು ಇಂದೇ ಕೊಟ್ಟರೆ ಕೆಲಸವೂ ನಿಲ್ಲದು, ಮನಸ್ಸೂ ಸೊರಗದು.