ಸೊಟ್ಟ ಗಾಲಿ, ಸೋದರತ್ತೆಯ ಬೆನ್ನು

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಮೋಟಾರ್ ಸೈಕಲ್ ಓಡಿಸಲು ಕಲಿತಿದ್ದವು. ಆ ಕಾಡಿನ ದಾರಿಯಲ್ಲಿ ಜಾಣಪ್ಪ ಎಂಬ ನರಿ ರಿಪೇರಿ ಅಂಗಡಿ ಇಟ್ಟಿದ್ದ. ಅಂಗಡಿಗೆ ಗಿರಾಕಿಗಳ ಕೊರತೆಯೇ ಇರಲಿಲ್ಲ. ಏಕೆಂದರೆ ಅಂಗಡಿಯ ಈ ಕಡೆ ಒಂದು, ಆ ಕಡೆ ಒಂದು ತಗ್ಗು ತೋಡಿ, ಮೇಲೆ ತೇಗದ ಎಲೆ ಹರಡಿದ್ದವನೂ ಅವನೇ. ಹೋಗುವವರಿಗೆ ಒಂದು, ಬರುವವರಿಗೆ ಒಂದು.

ಅದೇ ಕಾಡಿನಲ್ಲಿ ಚಿಪ್ಪವ್ವ ಎಂಬ ಆಮೆ ಇದ್ದಳು. ಹೊಳೆಯ ದಂಡೆಯಲ್ಲಿದ್ದ ಅವಳ ತಮ್ಮನ ಮನೆಯಲ್ಲಿ ಅಂದು ಕೂಸಿನ ನಾಮಕರಣ. ಕೂಸಿನ ಕಿವಿಯಲ್ಲಿ ಸೋದರತ್ತೆಯೇ ಹೆಸರು ಹೇಳಬೇಕು. ಅವಳು ಹೇಳುವಾಗ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಹಿಂದಿನ ಕೂಸಿನ ನಾಮಕರಣಕ್ಕೆ ಚಿಪ್ಪವ್ವ ನಡೆದುಕೊಂಡು ಹೋಗಿದ್ದಳು. ಮುಟ್ಟುವಷ್ಟರಲ್ಲಿ ಆ ಕೂಸು ತೊಟ್ಟಿಲು ಬಿಟ್ಟು, ಈಜು ಕಲಿತು, ಹೊಳೆಯ ಆಚೆ ದಂಡೆಗೆ ಹೋಗಿತ್ತು. ಅದಕ್ಕೆ ಹೆಸರೇ ಇಲ್ಲ. ಎಲ್ಲರೂ ಅದನ್ನು ‘ಏ ಇವನ’ ಎಂದೇ ಕರೆಯುತ್ತಿದ್ದರು.

ಈ ಸಲ ಹಾಗಾಗಬಾರದೆಂದು ಚಿಪ್ಪವ್ವ ಕರೆಪ್ಪ ಎಂಬ ಕರಡಿಯನ್ನು ಕೇಳಿಕೊಂಡಳು. ಕರೆಪ್ಪ ಅವಳನ್ನು ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂಡಿಸಿ, ಉರುಳದಂತೆ ಬಳ್ಳಿಯಿಂದ ಕಟ್ಟಿದ.

“ಸಾವಕಾಶ ಹೊಡಿಯೋ ತಮ್ಮಾ,” ಎಂದಳು ಚಿಪ್ಪವ್ವ.

“ಚಿಪ್ಪವ್ವಾ, ನಾ ಇನ್ನೂ ಗಾಡಿ ಚಾಲೂನೇ ಮಾಡಿಲ್ಲ.”

ಗಾಡಿ ಹೊರಟಿತು. ನರಿಯ ಅಂಗಡಿ ಕಾಣುವಷ್ಟರಲ್ಲಿ ಧಡ್ ಎಂದಿತು. ಮುಂದಿನ ಗಾಲಿ ತಗ್ಗಿಗಿಳಿದು ಎದ್ದಿತು. ಅಲ್ಲಿಂದ ಮುಂದೆ ಗಾಡಿ ಎತ್ತು ಬೆದರಿದ ಬಂಡಿಯ ಹಾಗೆ ಎಡಕ್ಕೂ ಬಲಕ್ಕೂ ತೂಗಾಡಿತು.

“ಬರ್ರಿ ಕರೆಪ್ಪಣ್ಣ, ಬರ್ರಿ! ಏನಾತು?” ಎಂದು ಜಾಣಪ್ಪ ಓಡಿ ಬಂದ.

“ತಗ್ಗಿನ್ಯಾಗ ಬಿತ್ತು. ಗಾಲಿ ಸೊಟ್ಟ ಆಗಿರಬೇಕು. ಲಗೂನ ನೋಡಪಾ, ಹೊತ್ತು ನೆತ್ತಿಗೆ ಬರೂದ್ರೊಳಗ ನಾವು ನಾಮಕರಣಕ್ಕ ಮುಟ್ಟಬೇಕು.”

ನಾಮಕರಣ ಎಂದೊಡನೆ ಜಾಣಪ್ಪನಿಗೆ ಊಟ ನೆನಪಾಯಿತು. ಹೋಳಿಗೆಯ ವಾಸನೆ ಆಗಲೇ ಮೂಗಿಗೆ ಬಡಿದಂತಾಯಿತು. ಇವರು ನಡೆದು ಹೋಗಲಿ, ನಾನು ಇವರ ಗಾಡಿಯಲ್ಲೇ ಹೋಗಿ ಉಂಡು ಬರುತ್ತೇನೆ ಎಂದುಕೊಂಡ. ಒಂದು ಕಣ್ಣು ಮುಚ್ಚಿ ಗಾಲಿಯನ್ನು ನೋಡಿದ. ಅದು ಸೊಟ್ಟ ಆಗಿದ್ದು ಕಂಡಿತು.

“ಗಾಲಿ ನೆಟ್ಟಗೈತಿ. ನಿಮ್ಮ ಇಂಜಿನ್ನಿಗೆ ನೆಗಡಿ ಆಗೈತಿ,” ಎಂದ.

“ಇಂಜಿನ್ನಿಗೆ ನೆಗಡಿ?”

“ಮತ್ತ? ಮುಂಜಾನೆ ತಂಪಿನ್ಯಾಗ ಹೊರಗ ತರತಾರೇನು? ಗಾಡಿ ಇಲ್ಲೇ ಬಿಡ್ರಿ. ನೀವು ನಡಕೊಂತ ಹೋಗ್ರಿ.”

ನಡೆಯುವ ಮಾತು ಕೇಳಿ ಚಿಪ್ಪವ್ವ ಸೀಟಿನಿಂದಲೇ ಕೂಗಿದಳು. “ಬ್ಯಾಡೋ ತಮ್ಮಾ, ನಮ್ಮ ಮನ್ಯಾಗ ಇನ್ನೊಂದು ‘ಏ ಇವನ’ ಆಗ್ತೈತಿ! ಕರೆಪ್ಪಾ, ನನ್ನ ಇಳಿಸು. ಮುಂದಿನ ಗಾಲಿ ಎತ್ತಿ ಹಿಡಿದು ತಿರುಗಿಸು.”

ಕರೆಪ್ಪ ಒಂದು ಕೈಯಲ್ಲಿ ಗಾಡಿಯ ಮುಂಭಾಗ ಎತ್ತಿ, ಇನ್ನೊಂದು ಕೈಯಿಂದ ಗಾಲಿ ತಿರುಗಿಸಿದ. ಚಿಪ್ಪವ್ವ ಮಣ್ಣಿನ ದಿಬ್ಬದ ಮೇಲೆ ಕುಳಿತು ಕುತ್ತಿಗೆ ಚಾಚಿದಳು. ಮೂಗನ್ನು ರಿಮ್ಮಿನ ಹತ್ತಿರಕ್ಕೆ ಒಯ್ದು, ತಾಗಿಯೂ ತಾಗದಂತೆ ನಿಲ್ಲಿಸಿದಳು. ಅಲುಗಾಡದೆ ಇರುವುದನ್ನು ಆಮೆಗೆ ಯಾರೂ ಕಲಿಸಬೇಕಿಲ್ಲ. ರಿಮ್ಮು ಸುಮ್ಮನೆ ಸರಿಯಿತು, ಸರಿಯಿತು, ಟಕ್ ಎಂದು ಮೂಗಿಗೆ ಬಡಿಯಿತು. ಮತ್ತೆ ಸರಿಯಿತು, ಸರಿಯಿತು, ಟಕ್!

“ಸುತ್ತಿಗೊಮ್ಮೆ ಇದೇ ಜಾಗಾ ಬಂದು ಬಡೀತೈತಿ ನೋಡು. ಇಲ್ಲೇ ಹೊರಗ ಬಾಗೈತಿ,” ಎಂದಳು. ಕರೆಪ್ಪ ಅಲ್ಲಿಗೆ ಕೆಸರು ಹಚ್ಚಿ ಗುರುತು ಮಾಡಿದ.

“ಗಾಲಿ ನೆಟ್ಟಗೈತಿ ಆಯಿ, ನಿನ್ನ ಮೂಗೇ ಸೊಟ್ಟೈತಿ!” ಎಂದ ಜಾಣಪ್ಪ. “ಬೇಕಾದ್ರ ಟ್ರಯಲ್ ಹೊಡೆದು ತೋರಸ್ತೀನಿ.” ಅವರು ಬೇಡ ಎನ್ನುವುದರೊಳಗೆ ಗಾಡಿ ಹತ್ತಿ ಹೊಳೆಯ ದಾರಿ ಹಿಡಿದ. “ಹೋಳಿಗಿ ಹ್ಯಾಂಗ ಆಗ್ಯಾವ ಅಂತ ಬಂದು ಹೇಳ್ತೀನಿ!” ಎಂದು ತಿರುಗಿ ನೋಡಿ ಕೂಗಿದ.

ಮುಂದೆ ಎರಡನೆಯ ತಗ್ಗು ಇತ್ತು. ಅದು ಎಲ್ಲಿದೆ ಎಂದು ತೋಡಿದವನಿಗೆ ಗೊತ್ತಿರದೆ ಇರುತ್ತದೆಯೇ? ಜಾಣಪ್ಪ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದ. ಸೊಟ್ಟ ಗಾಲಿ ಎಡಕ್ಕೆ ಎಳೆಯಿತು. ಮತ್ತಷ್ಟು ಬಲಕ್ಕೆ ತಿರುಗಿಸಿದ. ಗಾಲಿ ಮತ್ತಷ್ಟು ಎಡಕ್ಕೆ ಹೋಯಿತು. ಧಡ್! ಗಾಡಿ ಅಂಚಿನಲ್ಲಿ ಅಡ್ಡ ಬಿತ್ತು. ಜಾಣಪ್ಪನ ಬಾಲ ಗಾಲಿಯ ಕಡ್ಡಿಗಳಲ್ಲಿ ಸಿಕ್ಕು, ತಿರುಚಿಕೊಂಡು ಹೊರಬಂತು. ಅವನು ತಲೆಕೆಳಗಾಗಿ ತಗ್ಗಿಗೆ ಬಿದ್ದು ಸಿಕ್ಕಿಕೊಂಡ.

ಕರೆಪ್ಪ ಚಿಪ್ಪವ್ವನನ್ನು ಎತ್ತಿಕೊಂಡು ಓಡಿ ಬಂದ. ಬಗ್ಗಿ ನೋಡಿ, “ಯಾಕ ಜಾಣಪ್ಪಾ, ಇಂಜಿನ್ ಸೀನಿತೇನು?” ಎಂದು ಕೇಳಿದ.

“ಗಾಲಿ ಸೊಟ್ಟೈತೋ ಮಾರಾಯಾ!” ಎಂದು ಒಳಗಿನಿಂದ ನರಳಿದ ಜಾಣಪ್ಪ.

ಕರೆಪ್ಪ ಅಂಗಡಿಯಿಂದ ಮರದ ಸುತ್ತಿಗೆ ತಂದು, ಗಾಲಿ ಬಿಚ್ಚಿ, ಟೈರು ತೆಗೆದ. ಆದರೆ ರಿಮ್ಮನ್ನು ಇಟ್ಟು ಬಡಿಯಲು ಅಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ.

“ನನ್ನ ಬೆನ್ನ ಮ್ಯಾಲ ಇಟ್ಟು ಬಡಿ,” ಎಂದಳು ಚಿಪ್ಪವ್ವ.

“ಛೇ, ನೋವಾಗ್ತೈತಿ!”

“ಸೋದರತ್ತಿ ಬೆನ್ನು ಇರೂದೇ ಗುದ್ದಿಸಿಕೊಳ್ಳಾಕ. ಬಡಿ, ಹೊತ್ತಾತು!” ಎಂದವಳೇ ತಲೆ ಕಾಲು ಒಳಗೆಳೆದುಕೊಂಡಳು.

ಕೆಸರಿನ ಗುರುತು ಮೇಲಾಗಿ ಕರೆಪ್ಪ ರಿಮ್ಮನ್ನು ಚಿಪ್ಪಿನ ಮೇಲಿಟ್ಟು ಮೆಲ್ಲಗೆ ಬಡಿದ. ಸಡಿಲಾದ ಕಡ್ಡಿಗಳನ್ನು ಬಿಗಿ ಮಾಡಿದ. ಗಾಲಿ ಜೋಡಿಸಿ ತಿರುಗಿಸಿದಾಗ ಚಿಪ್ಪವ್ವನ ಮೂಗಿಗೆ ಬರೀ ಗಾಳಿ ತಾಗಿತು.

ಸೂರ್ಯ ನೆತ್ತಿಗೆ ಬರುವಾಗ ಗಾಡಿ ಹೊಳೆಯ ದಂಡೆಗೆ ಬಂದು ನಿಂತಿತು. ಚಿಪ್ಪವ್ವನ ತಮ್ಮ ಕಣ್ಣು ಉಜ್ಜಿಕೊಂಡು ನೋಡಿದ. “ಅಕ್ಕಾ! ಯಾವ ಕೂಸಿನ ನಾಮಕರಣಕ್ಕ ಬಂದಿ? ಹಿಂದಿಂದಕ್ಕೇನು?”

“ಎರಡಕ್ಕೂ ಬಂದೀನಿ, ಸರಿ ಆ ಕಡೆ!” ಎಂದಳು ಚಿಪ್ಪವ್ವ. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್‌ರ್... ಚಕ್ರಪಾಣಿ” ಎಂದಳು. ಬೆನ್ನಿಗೆ ಗುದ್ದಿದ ಮಕ್ಕಳೆಲ್ಲ “ಅಯ್ಯಯ್ಯೋ ಕೈ!” ಎಂದು ಕುಣಿದರು. ಆಮೇಲೆ ‘ಏ ಇವನ’ನಿಗೂ ಒಂದು ಚಂದದ ಹೆಸರಿಟ್ಟಳು. ಆದರೆ ಇವತ್ತಿಗೂ ‘ಏ ಇವನ’ ಎಂದರೇ ಅವನು ತಿರುಗಿ ನೋಡುವುದು. ಚಿಪ್ಪವ್ವ ಮಾತ್ರ ಆ ದಿನ ಜೀವನದಲ್ಲಿ ಮೊದಲ ಸಲ ಬಿಸಿ ಹೋಳಿಗೆ ಉಂಡಳು.

ತಗ್ಗಿನ ಮೇಲೆ ಹರಡಿದ್ದ ತೇಗದ ಎಲೆ ಕಂಡು ಕರೆಪ್ಪನಿಗೆ ಮೋಸ ಗೊತ್ತಾಗಿತ್ತು. ಮರಳಿ ಬರುವಾಗ ಅವನು ಜಾಣಪ್ಪನನ್ನು ಮೇಲೆತ್ತಿ, ಅವನಿಂದಲೇ ಎರಡೂ ತಗ್ಗು ಮುಚ್ಚಿಸಿದ. ಜಾಣಪ್ಪನ ತಿರುಚಿದ ಬಾಲ ಮಾತ್ರ ನೆಟ್ಟಗಾಗಲಿಲ್ಲ. ದಾರಿಯಲ್ಲಿ ಯಾರಾದರೂ “ಬಾಲ ಯಾಕ ಸೊಟ್ಟಾತು ಜಾಣಪ್ಪಾ?” ಎಂದು ಕೇಳಿದರೆ ಅವನು ಹೇಳುವ ಮೊದಲೇ ಕಾಡಿನ ಮರಿಗಳೆಲ್ಲ ಕೂಗುತ್ತವೆ: “ಬಾಲ ನೆಟ್ಟಗೈತಿ, ಇಂಜಿನ್ನಿಗೆ ನೆಗಡಿ!”

ನೀತಿ: ಸೊಟ್ಟದ್ದನ್ನು ನೆಟ್ಟಗಿದೆ ಎಂದು ಸುಳ್ಳು ಹೇಳಿ ಮೋಸ ಮಾಡುವವನು, ಪರರಿಗೆಂದು ತೋಡಿದ ತಗ್ಗಿಗೆ ತಾನೇ ಬೀಳುತ್ತಾನೆ.